ಹೊಟ್ಟೆಯೊಳಗಿನ ಜೀವ, ಹೊತ್ತವಳ ಜೀವ

2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ಬೆನ್ನುನೋವು ತಾಳಲಾರದೆ ಆಸ್ಪತ್ರೆಗೆ ಹೋದರು. ವಯಸ್ಸು 31, ಬಸಿರಿಗೆ 17 ವಾರ. ಗರ್ಭ ನಿಲ್ಲುವುದಿಲ್ಲ ಎಂದು ವೈದ್ಯರು ಹೇಳಿದರು. ನಿಲ್ಲದ ಮೇಲೆ ತೆಗೆದುಬಿಡಿ ಎಂದು ಗಂಡಹೆಂಡತಿ ಕೇಳಿಕೊಂಡರು. ಆದರೆ ಭ್ರೂಣದ ಎದೆಬಡಿತ ಇನ್ನೂ ಕೇಳುತ್ತಿತ್ತು. ಅದು ಇರುವ ತನಕ ಮುಟ್ಟುವಂತಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ತಾವು ಆಗ ಹೇಳಿದ್ದಾಗಿ ಅಲ್ಲಿನ ಸೂಲಗಿತ್ತಿ ದಾದಿಯೊಬ್ಬರು ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. 24ರಂದು ಬಡಿತ ನಿಂತಿತು. ಅಷ್ಟು ಹೊತ್ತಿಗೆ ಸವಿತಾ ಅವರ ರಕ್ತಕ್ಕೆ ನಂಜೇರಿತ್ತು. 28ರಂದು ಅವರೂ ತೀರಿಕೊಂಡರು.

ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪಗಳೂ ತನಿಖೆಯಲ್ಲಿ ಹೊರಬಂದವು. ಆದರೆ ವೈದ್ಯರ ಕೈ ಕಟ್ಟಿಹಾಕಿದ್ದು ಸಂವಿಧಾನದ ಒಂದು ವಾಕ್ಯ. 1983ರಲ್ಲಿ ಜನಮತದ ಮೂಲಕ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಸೇರಿಸಿಕೊಂಡ ಎಂಟನೇ ತಿದ್ದುಪಡಿ, ಇನ್ನೂ ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಎಂದಿತ್ತು. ಕಾಗದದ ಮೇಲೆ ಓದಿದರೆ ಇದರಲ್ಲಿ ತಪ್ಪೇನಿದೆ ಎನಿಸುತ್ತದೆ. ಇಬ್ಬರೂ ಬದುಕಲಿ ಎನ್ನುವುದು ಎಲ್ಲರ ಆಸೆಯೇ. ಆದರೆ ಒಂದು ಜೀವ ಇನ್ನೊಂದರ ಒಳಗಿರುವಾಗ ಸಮ ಎಂಬ ಮಾತಿಗೆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಏನರ್ಥ ಬರುತ್ತದೆ ಎಂಬುದನ್ನು ಆ ಒಂದು ವಾರ ತೋರಿಸಿತು.

ಸವಿತಾ ಸತ್ತು ಎರಡು ವರ್ಷಕ್ಕೆ, 2014ರ ಡಿಸೆಂಬರಿನಲ್ಲಿ, ಅದೇ ವಾಕ್ಯ ಇನ್ನೊಂದು ರೂಪದಲ್ಲಿ ಎದುರಾಯಿತು. 15 ವಾರದ ಬಸುರಿಯೊಬ್ಬರ ಮಿದುಳು ಸತ್ತಿತ್ತು. ಒಳಗಿನ ಭ್ರೂಣಕ್ಕೆ ಸಮಾನ ಹಕ್ಕಿರುವಾಗ ಯಂತ್ರಗಳನ್ನು ನಿಲ್ಲಿಸಬಹುದೇ ಎಂದು ವೈದ್ಯರಿಗೆ ಅನುಮಾನ. ಮನೆಯವರು ಬೇಡಿಕೊಂಡರೂ ಮೂರು ವಾರಗಳಿಗೂ ಹೆಚ್ಚು ಕಾಲ ಆ ದೇಹವನ್ನು ಉಸಿರಾಡಿಸಲಾಯಿತು. ಕೊನೆಗೆ ಡಿಸೆಂಬರ್ 26ರಂದು ಹೈಕೋರ್ಟ್ ಅನುಮತಿ ಕೊಟ್ಟಿತು. 2018ರ ಮೇ 25ರಂದು ಐರ್ಲೆಂಡಿನ ಜನ ಶೇ 66.4 ಮತಗಳಿಂದ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಮತದಾನಕ್ಕೆ ಮೊದಲು ಸವಿತಾರ ತಂದೆ ಅಂದಾನಪ್ಪ ಯಾಳಗಿ ಬೆಳಗಾವಿಯಿಂದಲೇ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಆ ಜನರನ್ನು ಕೇಳಿಕೊಂಡಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಸವಿತಾರ ಮುಖದ ಸುತ್ತ ಜನ ಚೀಟಿ ಅಂಟಿಸಿ ಹೋಗುತ್ತಿದ್ದರು. ಎಷ್ಟೋ ಚೀಟಿಗಳಲ್ಲಿ ಇದ್ದದ್ದು ಕ್ಷಮಿಸು ಎಂಬ ಒಂದೇ ಮಾತು.

ಗರ್ಭಪಾತದ ಚರ್ಚೆ ಎಲ್ಲಿಯೇ ನಡೆಯಲಿ, ತಿರುಗಿ ತಿರುಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಹೊಟ್ಟೆಯೊಳಗಿನದು ಯಾವಾಗಿನಿಂದ ವ್ಯಕ್ತಿ? ಇದಕ್ಕೊಂದು ದಿನಾಂಕ ಸಿಕ್ಕಿಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಬಗೆಹರಿಯುತ್ತದೆ ಎಂದು ಎರಡೂ ಕಡೆಯವರು ನಂಬಿದಂತಿದೆ. ನನಗೆ ಹಾಗನ್ನಿಸುವುದಿಲ್ಲ. ಆ ದಿನಾಂಕ ಸಿಗುವುದೂ ಇಲ್ಲ, ಸಿಕ್ಕರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ದಿನಾಂಕ ಹುಡುಕಿದವರು ಕಡಿಮೆಯೇನಲ್ಲ. ಅಂಡಾಣು ವೀರ್ಯಾಣು ಕೂಡಿದ ಗಳಿಗೆಯೇ ಆರಂಭ ಎನ್ನುವವರಿದ್ದಾರೆ. ಆದರೆ ಹಾಗೆ ಕೂಡಿದ್ದರಲ್ಲಿ ಎಷ್ಟೋ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲೇ ಕಳೆದುಹೋಗುತ್ತವೆ, ಹೆಣ್ಣಿಗೆ ತಿಳಿಯುವುದೂ ಇಲ್ಲ. ಮೊದಲ ಎರಡು ವಾರಗಳಲ್ಲಿ ಒಂದೇ ಭ್ರೂಣ ಎರಡಾಗಿ ಅವಳಿಯಾಗಬಹುದು. ಎರಡಾಗಬಲ್ಲದ್ದನ್ನು ಒಬ್ಬ ವ್ಯಕ್ತಿ ಎಂದು ಕರೆಯುವುದು ಹೇಗೆ? ಈ ನಿಲುವನ್ನು ಕೊನೆಯ ತನಕ ಎಳೆದವರು ಅಮೆರಿಕದ ಅಲಬಾಮಾ ರಾಜ್ಯದ ಸುಪ್ರೀಂ ಕೋರ್ಟಿನವರು. ಪ್ರನಾಳ ಶಿಶು ಚಿಕಿತ್ಸೆಗೆಂದು ಶೀತಲ ಪೆಟ್ಟಿಗೆಯಲ್ಲಿಟ್ಟ ಭ್ರೂಣಗಳೂ ಮಕ್ಕಳೇ ಎಂದು 2024ರ ಫೆಬ್ರುವರಿಯಲ್ಲಿ ಹೇಳಿದರು. ಮರುವಾರದಲ್ಲೇ ಅಲ್ಲಿನ ಕೆಲವು ಕೇಂದ್ರಗಳು ಆ ಚಿಕಿತ್ಸೆಯನ್ನು ನಿಲ್ಲಿಸಿದವು, ಮಕ್ಕಳಿಗಾಗಿ ಹಂಬಲಿಸುತ್ತಿದ್ದವರೇ ಬೀದಿಗೆ ಬಿದ್ದರು. ಶಾಸನಸಭೆ ಮಾರ್ಚಿನಲ್ಲಿ ಅವಸರದಿಂದ ಕಾನೂನು ಮಾಡಿ ವೈದ್ಯರಿಗೆ ರಕ್ಷಣೆ ಕೊಡಬೇಕಾಯಿತು. ನಮ್ಮಲ್ಲಿ 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆ ಅಂಥ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎನ್ನುತ್ತದೆ. ಆಮೇಲೆ ಅದು ತಾನಾಗಿ ನಶಿಸಬಹುದು, ದಂಪತಿ ಒಪ್ಪಿದರೆ ಸಂಶೋಧನೆಗೂ ಹೋಗಬಹುದು. ಬೆಂಗಳೂರಿನ ಯಾವುದಾದರೂ ಕೇಂದ್ರದಲ್ಲಿ ಸಹಿ ಹಾಕಿ ಬಂದವರಲ್ಲಿ ಯಾರಿಗೂ ತಾವು ಮಕ್ಕಳಿಗೆ ಗಡುವು ಕೊಟ್ಟೆವು ಅನ್ನಿಸಿರಲಿಕ್ಕಿಲ್ಲ.

ಎದೆಬಡಿತ, ಮಿಸುಕಾಟ, ಹೊರಗೆ ಬಂದರೂ ಬದುಕಬಲ್ಲ ಹಂತ, ಹೆರಿಗೆ – ಇವೆಲ್ಲ ಉಳಿದ ಗಡಿಗಳು. ಒಂದೊಂದಕ್ಕೂ ಬಲವಿದೆ, ಒಂದೊಂದರಲ್ಲೂ ಬಿರುಕಿದೆ. ಬದುಕಬಲ್ಲ ಹಂತವನ್ನೇ ನೋಡಿ. ನವಜಾತ ಶಿಶುಗಳ ತೀವ್ರ ನಿಗಾ ಘಟಕ ಹತ್ತಿರವಿರುವ ಬೆಂಗಳೂರಿನಲ್ಲಿ 26 ವಾರಕ್ಕೆ ಹುಟ್ಟಿದ ಕೂಸು ಉಳಿದೀತು, ಅದೇ ಕೂಸು ಆಂಬುಲೆನ್ಸಿಗೂ ಕಾಯಬೇಕಾದ ಊರಿನಲ್ಲಿ ಉಳಿಯುವುದು ಕಷ್ಟ. ವ್ಯಕ್ತಿಯಾಗುವುದು ಆಸ್ಪತ್ರೆಯ ದೂರವನ್ನು ಅವಲಂಬಿಸಿದ್ದರೆ ಅದೆಂಥ ವ್ಯಾಖ್ಯಾನ?

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಹಿಂದೆಯೇ ಒಂದು ತಿಳಿವಳಿಕೆಗೆ ಬಂದಂತಿದೆ. ಮಗು ಅಳುತ್ತಾನೆ ಎನ್ನುವುದಿಲ್ಲ, ಅಳುತ್ತದೆ ಎನ್ನುತ್ತೇವೆ. ಶಿಶು, ಕೂಸು, ಮಗು ಎಲ್ಲವೂ ವ್ಯಾಕರಣದಲ್ಲಿ ನಪುಂಸಕ. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಮೆಲ್ಲಗೆ ಅವನು, ಅವಳು ಆಗುತ್ತದೆ. ಹೆಣ ಸುಡುವ ಮನೆತನಗಳಲ್ಲೂ ಎಳೆಗೂಸು ಸತ್ತರೆ ಹೂಳುತ್ತಾರೆ. ಹಾಗೆಂದು ಆ ಕೂಸಿನ ಮೇಲೆ ಪ್ರೀತಿ ಕಡಿಮೆ ಎಂದಲ್ಲ. ಮೂರು ತಿಂಗಳಿಗೆ ಇಳಿದುಹೋದ ಬಸಿರನ್ನು ಮೂವತ್ತು ವರ್ಷ ಕಳೆದರೂ ನೆನೆದು ಕಣ್ಣೊರೆಸಿಕೊಳ್ಳುವ ತಾಯಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಜೀವದ ಬೆಲೆ ಬೆಳೆಯುತ್ತ ಹೋಗುವಂಥದು, ಒಂದು ಗಳಿಗೆಯಲ್ಲಿ ಬಂದು ಕೂರುವಂಥದಲ್ಲ ಎಂಬ ಅರಿವು ಈ ಮಾತುಗಳಲ್ಲಿ, ಆಚರಣೆಗಳಲ್ಲಿ ಇದೆ ಎಂದು ನನಗೆ ತೋರುತ್ತದೆ.

ಸುಶ್ರುತ ಸಂಹಿತೆಯಲ್ಲಿ ಇದಕ್ಕಿಂತ ಸೊಗಸಾದ ಮಾತೊಂದಿದೆ. ನಾಲ್ಕನೇ ತಿಂಗಳಲ್ಲಿ ಗರ್ಭದ ಹೃದಯ ವ್ಯಕ್ತವಾಗುತ್ತದೆ, ಆಗ ಬಸುರಿಯು ಎರಡು ಹೃದಯದವಳಾಗುತ್ತಾಳೆ, ಅದಕ್ಕೇ ಅವಳನ್ನು ದೌಹೃದಿನಿ ಎನ್ನುತ್ತಾರೆ, ಆದ್ದರಿಂದ ಅವಳ ಬಯಕೆ ತೀರಿಸಬೇಕು. ನಮ್ಮ ಬಸುರಿ ಬಯಕೆಯ ಸಂಪ್ರದಾಯದ ಹಿಂದೆ ಇರುವ ತಿಳಿವು ಇದೇ. ಗಾಲ್ವೇಯಲ್ಲಿ ಎರಡನೇ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಸವಿತಾರ ಮಾತನ್ನು ಬದಿಗಿಟ್ಟರು. ಇಲ್ಲಿ ಎರಡನೇ ಹೃದಯ ಮೂಡಿದೆ ಎಂಬ ಕಾರಣಕ್ಕೇ ಅವಳ ಮಾತು ಕೇಳು ಎಂದರು. ನಮ್ಮ ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿಟ್ಟದ್ದೂ ನಿಜ. ಪರಂಪರೆ ಗರ್ಭಪಾತವನ್ನು ಒಪ್ಪಿತ್ತು ಎಂದು ನಾನು ಹೇಳುತ್ತಿಲ್ಲ. ಒಳಗಿನ ಜೀವಕ್ಕೆ ದಾರಿ ಹೊತ್ತವಳ ಮೂಲಕವೇ ಎಂಬುದನ್ನು ಅದು ಮರೆತಿರಲಿಲ್ಲ, ಅಷ್ಟೇ.

ಭ್ರೂಣ ವ್ಯಕ್ತಿಯೇ ಅಲ್ಲವೇ ಎಂದು ಭಾರತದ ಕಾನೂನು ಎಲ್ಲೂ ನೇರವಾಗಿ ಹೇಳಿಲ್ಲ. ಸಂವಿಧಾನದ 21ನೇ ವಿಧಿ ಯಾವುದೇ ವ್ಯಕ್ತಿಯ ಜೀವ, ಸ್ವಾತಂತ್ರ್ಯ ಎನ್ನುತ್ತದೆ, ಭ್ರೂಣದ ಮಾತೆತ್ತುವುದಿಲ್ಲ. ಉಳಿದ ಕಾಯ್ದೆಗಳಲ್ಲಿ ಸುಳಿವುಗಳು ಚದುರಿವೆ. ತಂದೆ ಸತ್ತಾಗ ಗರ್ಭದಲ್ಲಿದ್ದ ಮಗುವಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆ ಆಸ್ತಿಯ ಹಕ್ಕು ಕೊಡುತ್ತದೆ, ಆದರೆ ಅದು ಜೀವಂತ ಹುಟ್ಟಿದರೆ ಮಾತ್ರ. 1860ರ ದಂಡಸಂಹಿತೆಯ 299ನೇ ಕಲಮಿನ ವಿವರಣೆಯೊಂದು ಗರ್ಭದೊಳಗಿನ ಮಗುವಿನ ಸಾವನ್ನು ನರಹತ್ಯೆ ಎಂದು ಎಣಿಸುವುದಿಲ್ಲ, ಮಗುವಿನ ಯಾವುದಾದರೂ ಒಂದು ಭಾಗ ಹೊರಬಂದಿದ್ದರೆ ಎಣಿಸಬಹುದು ಎನ್ನುತ್ತದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ. ಗರ್ಭಪಾತ ಮಾಡಿಸುವುದು ಬೇರೆಯೇ ಅಪರಾಧ: ಮೂರು ವರ್ಷದವರೆಗೆ ಶಿಕ್ಷೆ, ಮಗು ಮಿಸುಕಾಡುತ್ತಿದ್ದರೆ ಏಳು ವರ್ಷದವರೆಗೆ. ಆ ಅಪರಾಧಿಗಳಲ್ಲಿ ಸ್ವತಃ ಬಸುರಿಯೂ ಸೇರುತ್ತಾಳೆ.

ಇದಕ್ಕೆ ವಿನಾಯಿತಿಯಾಗಿ ಬಂದದ್ದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ. ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುತ್ತಿದ್ದ ಹೆಂಗಸರ ಸಂಖ್ಯೆ ನೋಡಿ ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಿಸಿತ್ತು. ಅದರ ಫಲವಿದು. ಕಾಯ್ದೆಯ ಮೊದಲ ಮಾತುಗಳನ್ನು ಗಮನವಿಟ್ಟು ಓದಬೇಕು. ಇಂಥಿಂಥ ಸಂದರ್ಭದಲ್ಲಿ ನೋಂದಾಯಿತ ವೈದ್ಯರು ಅಪರಾಧಿಗಳಾಗುವುದಿಲ್ಲ ಎನ್ನುತ್ತದೆ ಅದು. ಹೆಣ್ಣಿಗೆ ಹಕ್ಕಿದೆ ಎನ್ನುವುದಿಲ್ಲ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ವೈದ್ಯರು ಬೇಕು, ಅದೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ವಿಧವೆಯಾದವರು ಮೊದಲಾದ ಕೆಲವರಿಗೆ. ಮದುವೆಯಾಗದವರೂ ಇದರಲ್ಲಿ ಸೇರುತ್ತಾರೆ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. 24 ದಾಟಿದರೆ ತಾಯಿಯ ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದೆ ಎಂದು ವೈದ್ಯಕೀಯ ಮಂಡಳಿ ಹೇಳಬೇಕು.

ಇನ್ನೊಂದು ಕಡೆ ನ್ಯಾಯಾಲಯಗಳು ಹೆಣ್ಣಿನ ಹಕ್ಕಿನ ಮಾತನ್ನೂ ಆಡುತ್ತ ಬಂದಿವೆ. ಹೆರಬೇಕೋ ಬೇಡವೋ ಎಂಬ ಆಯ್ಕೆ 21ನೇ ವಿಧಿಯ ಸ್ವಾತಂತ್ರ್ಯದ ಭಾಗ ಎಂದು 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಬಂದ ಖಾಸಗಿತನದ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಈ ಎರಡು ಧಾರೆಗಳು, ವೈದ್ಯರಿಗೆ ವಿನಾಯಿತಿ ಕೊಡುವ ಕಾಯ್ದೆ ಮತ್ತು ಹೆಣ್ಣಿಗೆ ಆಯ್ಕೆಯಿದೆ ಎನ್ನುವ ತೀರ್ಪುಗಳು, ಎದುರುಬದುರಾದದ್ದು 2023ರ ಅಕ್ಟೋಬರಿನಲ್ಲಿ.

ಗರ್ಭಪಾತಕ್ಕೆ ಅನುಮತಿ ಕೇಳಿ ಒಬ್ಬ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಬಂದಳು. ಆಕೆಗೆ 27 ವರ್ಷ. ಎರಡು ಮಕ್ಕಳು, ಕಿರಿಯದಕ್ಕೆ ಇನ್ನೂ ವರ್ಷದ ಪ್ರಾಯ. ಬಾಣಂತನದ ನಂತರ ಕಾಡಿದ ಮಾನಸಿಕ ಕಾಯಿಲೆಗೆ ಔಷಧಿ ನಡೆದಿತ್ತು. ಹಾಲು ಕುಡಿಸುತ್ತಿದ್ದುದರಿಂದ ಮುಟ್ಟು ನಿಂತದ್ದು ಅನುಮಾನ ತರಲಿಲ್ಲ, ಬಸಿರು ಗೊತ್ತಾಗುವ ಹೊತ್ತಿಗೆ 24 ವಾರ ಆಗಿಹೋಗಿತ್ತು. ಅಕ್ಟೋಬರ್ 9ರಂದು ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಗರ್ಭಪಾತಕ್ಕೆ ಒಪ್ಪಿತು. ಮರುದಿನ ದೆಹಲಿಯ ಏಮ್ಸ್ ವೈದ್ಯರಿಂದ ಇ-ಮೇಲ್ ಬಂತು. ಭ್ರೂಣ ಬದುಕುವ ಸಾಧ್ಯತೆ ಗಟ್ಟಿಯಾಗಿದೆ, ಮೊದಲು ಅದರ ಎದೆಬಡಿತ ನಿಲ್ಲಿಸಬೇಕೇ? ನಿಲ್ಲಿಸದೆ ಹೊರತೆಗೆದರೆ ದಿನ ತುಂಬದ ಕೂಸು ಹುಟ್ಟುತ್ತದೆ, ಜೀವನಪೂರ್ತಿ ಅಂಗವೈಕಲ್ಯ ಉಳಿಯಬಹುದು.

ಪೀಠ ಒಡೆಯಿತು. ಎದೆಬಡಿತ ನಿಲ್ಲಿಸು ಎಂದು ಯಾವ ಕೋರ್ಟ್ ಹೇಳೀತು ಎಂದು ನ್ಯಾ. ಕೊಹ್ಲಿ ಹಿಂದೆ ಸರಿದರು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾ. ನಾಗರತ್ನ ಒಪ್ಪಲಿಲ್ಲ. ಭ್ರೂಣದ ಇರವೇ ತಾಯಿಯಿಂದ, ಅವಳಿಂದ ಬೇರೆಯಾದ ವ್ಯಕ್ತಿತ್ವ ಅದಕ್ಕಿಲ್ಲ, ಅವಳು ಯೋಚಿಸಿ ತೆಗೆದುಕೊಂಡ ತೀರ್ಮಾನವನ್ನು ಗೌರವಿಸಬೇಕು ಎಂದರು. ಪ್ರಕರಣ ಮೂವರ ಪೀಠಕ್ಕೆ ಹೋಯಿತು. 26 ವಾರ 5 ದಿನ ಆಗಿದ್ದಾಗ, ಅಕ್ಟೋಬರ್ 16ರಂದು, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಅನುಮತಿ ನಿರಾಕರಿಸಿತು. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ನ್ಯೂನತೆಯಿಲ್ಲ, ಹೆರಿಗೆಯ ಖರ್ಚು ಸರ್ಕಾರದ್ದು, ಬೇಕಾದರೆ ಮಗುವನ್ನು ದತ್ತು ಕೊಡಬಹುದು ಎಂದಿತು. 2022ರಲ್ಲಿ ಮದುವೆಯಾಗದವರ ಪರ ತೀರ್ಪು ಬರೆದ ನ್ಯಾಯಮೂರ್ತಿಯೇ ಇವರು.

ನಾನು ಈ ವಾದಗಳನ್ನು ಮತ್ತೆ ಮತ್ತೆ ಓದಿದ್ದೇನೆ. ನ್ಯಾ. ನಾಗರತ್ನ ಅವರ ತೀರ್ಮಾನ ನನಗೆ ಹೆಚ್ಚು ಸರಿ ಕಾಣುತ್ತದೆ. ಆದರೆ ಏಮ್ಸ್ ವೈದ್ಯರ ಪ್ರಶ್ನೆ ಹಗುರದ್ದೆಂದು ಹೇಳಲಾರೆ. 10 ವಾರಕ್ಕೆ ಬಸಿರು ಕೊನೆಗೊಳಿಸುವುದೂ ಒಳಗಿನದು ಕೊನೆಗೊಳ್ಳುವುದೂ ಒಂದೇ ಕ್ರಿಯೆ, ಬೇರ್ಪಡಿಸಲು ಬರುವುದಿಲ್ಲ. 26 ವಾರಕ್ಕೆ ಅವೆರಡೂ ಬೇರೆಯಾಗುತ್ತವೆ. ಬಸಿರು ನನಗೆ ಬೇಡ ಎನ್ನುವ ಹಕ್ಕಿನೊಳಗೆ, ಹೊರಗೆ ಬಂದರೆ ಬದುಕಬಲ್ಲದ್ದು ಬದುಕದಿರಲಿ ಎನ್ನುವ ಹಕ್ಕೂ ಸೇರುತ್ತದೆಯೇ? ಇಲ್ಲಿ ನನಗೂ ಕಾಲು ತಡವರಿಸುತ್ತದೆ. ತಡವರಿಸುವವರನ್ನು ಹೆಣ್ಣಿನ ವಿರೋಧಿಗಳೆಂದು ಕರೆಯುವುದು ತಪ್ಪು.

ಆದರೆ ವ್ಯಕ್ತಿಯೇ ಎಂದು ಒಪ್ಪಿಕೊಂಡುಬಿಡೋಣ, ಆಮೇಲೇನು? ನಮ್ಮ ಕಾಯ್ದೆ ಬಂದ 1971ರಲ್ಲೇ ಅಮೆರಿಕದ ತತ್ವಜ್ಞಾನಿ ಜುಡಿತ್ ಜಾರ್ವಿಸ್ ಥಾಮ್ಸನ್ ಈ ಪ್ರಶ್ನೆ ಎತ್ತಿದ್ದರು. ಒಬ್ಬ ವ್ಯಕ್ತಿಯ ಜೀವ ಉಳಿಯಲು ನಿನ್ನ ದೇಹ ಬೇಕು ಎಂದ ಮಾತ್ರಕ್ಕೆ ನಿನ್ನ ದೇಹವನ್ನು ಒಂಬತ್ತು ತಿಂಗಳು ಬಳಸುವ ಹಕ್ಕು ಅವನಿಗೆ ಬಂದುಬಿಡುತ್ತದೆಯೇ ಎಂಬುದು ಅವರ ವಾದದ ತಿರುಳು. ಇದು ಬರೀ ಕಲ್ಪನೆಯ ಮಾತಾಗಿ ಉಳಿಯಲಿಲ್ಲ. 1978ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಸಾಯುತ್ತಿದ್ದವನೊಬ್ಬ, ಹೊಂದಿಕೆಯಾಗುವ ಅಸ್ಥಿಮಜ್ಜೆ ಇದ್ದ ತನ್ನ ಸೋದರ ಸಂಬಂಧಿಯನ್ನು ಕೊಡುವಂತೆ ಒತ್ತಾಯಿಸಿ ಎಂದು ಕೋರ್ಟಿಗೆ ಹೋದ. ಕೊಡದಿರುವುದು ನೈತಿಕವಾಗಿ ಸಮರ್ಥಿಸಲಾಗದ್ದು ಎಂದು ನ್ಯಾಯಾಧೀಶರು ಹೇಳಿದರು, ಆದರೂ ಬಲವಂತ ಮಾಡಲಾಗದು ಎಂದರು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಅವನು ವ್ಯಕ್ತಿಯೇ, ಅನುಮಾನವೇ ಇರಲಿಲ್ಲ.

ತಾಯಿ ಪರಕೀಯಳಲ್ಲವಲ್ಲ, ಅವಳಿಗೆ ಕರ್ತವ್ಯವಿದೆಯಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಹುಟ್ಟಿ ಬೆಳೆದ ಹತ್ತು ವರ್ಷದ ಮಗನಿಗೆ ಮೂತ್ರಪಿಂಡ ಬೇಕಾದಾಗ ಕೊಡಲೊಲ್ಲದ ಅಪ್ಪನನ್ನು ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ಮೇಜಿನ ಮೇಲೆ ಮಲಗಿಸುವುದಿಲ್ಲ. ಊರು ಅವನನ್ನು ಬೈದೀತು, ಕಾನೂನು ಮುಟ್ಟದು. ಹುಟ್ಟಿದ ಮಗುವಿಗೇ ತಂದೆಯ ದೇಹದ ಮೇಲೆ ಇಲ್ಲದ ಹಕ್ಕು, ಹುಟ್ಟದ ಮಗುವಿಗೆ ತಾಯಿಯ ದೇಹದ ಮೇಲೆ ಎಲ್ಲಿಂದ ಬಂತು? ಇದಕ್ಕೆ ಸಮಾಧಾನದ ಉತ್ತರವನ್ನು ನಾನು ಇನ್ನೂ ಕೇಳಿಲ್ಲ.

ನಮ್ಮ ಕಾಯ್ದೆ ಭ್ರೂಣದ ವ್ಯಕ್ತಿತ್ವವನ್ನು ಕಾಯುತ್ತಿದೆ ಎಂಬ ಮಾತೂ ನಿಲ್ಲುವುದಿಲ್ಲ. 24 ವಾರ ದಾಟಿದ ಆರೋಗ್ಯವಂತ ಭ್ರೂಣವನ್ನು ಮುಟ್ಟಬೇಡ, ನ್ಯೂನತೆ ಇದ್ದರೆ ಎಷ್ಟು ವಾರವಾಗಿದ್ದರೂ ತೆಗೆಯಬಹುದು ಎನ್ನುತ್ತದೆ ಅದು. ವಾರ ಎಣಿಸಿ ವ್ಯಕ್ತಿಯಾದದ್ದು, ಬೆನ್ನುಹುರಿ ಸರಿಯಿಲ್ಲವೆಂದರೆ ವ್ಯಕ್ತಿಯಾಗದೇ? ಇದನ್ನು ಕೇಳುತ್ತಿರುವವರು ಅಂಗವಿಕಲರ ಹಕ್ಕಿನ ಪರ ದುಡಿಯುವವರು. ಅವರ ಪ್ರಶ್ನೆಯಲ್ಲಿ ಗಾಯವಿದೆ, ಅದಕ್ಕೆ ಕಿವಿಗೊಡಬೇಕು. ಅಂಥ ಮಗುವನ್ನು ಸಾಕಲಾರೆ ಎಂಬ ಅಳಲನ್ನು ಒಪ್ಪುವ ರಾಜ್ಯ, ಮೂರನೆಯದನ್ನು ಹೆತ್ತರೆ ನಾನು ಉಳಿಯಲಾರೆ ಎಂಬ ಅಳಲಿಗೆ ಕಿವಿ ಮುಚ್ಚಿಕೊಂಡಿತು ಎಂಬುದಷ್ಟೇ ಇಲ್ಲಿ ಉಳಿಯುವ ವ್ಯತ್ಯಾಸ.

ಇನ್ನು ನಮ್ಮದೇ ನೆಲದ ಸಂಕಟ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭೇದಿಸಿದ ಜಾಲದ ಸುದ್ದಿ ಮರೆತಿರಲಿಕ್ಕಿಲ್ಲ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಗಂಡೋ ಹೆಣ್ಣೋ ಹೇಳುತ್ತಿದ್ದರು. ಹೆಣ್ಣೆಂದರೆ ಗರ್ಭಪಾತ. ಮೂರು ವರ್ಷಗಳಲ್ಲಿ ಸುಮಾರು 900 ಎಂದು ಪೊಲೀಸರು ಹೇಳಿದರು. ಕಬ್ಬಿನ ಹಾಲು ಕುದಿಯುವ ಜಾಗದಲ್ಲಿ, ಬೆಲ್ಲದ ವಾಸನೆಯ ನಡುವೆ, ಹೊಟ್ಟೆಗೆ ಜೆಲ್ ಹಚ್ಚಿಸಿಕೊಂಡು ಮಲಗಿದ ಆ ಹೆಂಗಸರನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಭ್ರೂಣ ವ್ಯಕ್ತಿಯಲ್ಲ ಎನ್ನುವವರಿಗೆ ಇದು ತಪ್ಪು ಹೇಗಾಗುತ್ತದೆ ಎಂದು ಕೆಲವರು ಸವಾಲು ಹಾಕುತ್ತಾರೆ. ಉತ್ತರ ಕಷ್ಟವಿಲ್ಲ. ಅಲ್ಲಿ ಅನ್ಯಾಯವಾದದ್ದು ಹೆಣ್ಣೆಂಬ ಕುಲಕ್ಕೆ, ಅಲ್ಲಿ ಮಲಗಿದ್ದ ಹೆಂಗಸಿಗೂ ಸೇರಿ. ಹೆಣ್ಣಾಗಿರುವುದೇ ಬೇಡವಾಗಲು ಸಾಕಾದ ಕಾರಣ ಎಂದು ಒಬ್ಬ ಹೆಣ್ಣಿನ ಹೊಟ್ಟೆಯ ಮೇಲೇ ಬರೆದರು. ಅಲ್ಲಿಗೆ ಬಂದವರಲ್ಲಿ ಎಷ್ಟು ಜನ ತಾವಾಗಿ ಬಂದಿದ್ದರು, ಎಷ್ಟು ಜನರನ್ನು ಅತ್ತೆ, ಗಂಡ ಕರೆತಂದಿದ್ದರು? ಕರ್ನಾಟಕದಲ್ಲಿ 2011ರ ಜನಗಣತಿಯಂತೆ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. ಗಾಲ್ವೇಯಲ್ಲಿ ಗರ್ಭಪಾತ ಬೇಕು ಎಂದವಳ ಮಾತು ನಡೆಯಲಿಲ್ಲ, ಆಲೆಮನೆಯಲ್ಲಿ ಬೇಡ ಎನ್ನಬಹುದಾಗಿದ್ದವಳ ಮಾತು ಹೊರಡಲೇ ಇಲ್ಲ.

ಇಲ್ಲಿ ಒಂದು ಪದದ ಬಗ್ಗೆ ಹೇಳಲೇಬೇಕು. ಹೆಣ್ಣು ಭ್ರೂಣ ಹತ್ಯೆ ಮಹಾಪಾಪ ಎಂದು ದಶಕಗಳಿಂದ ಬಸ್ ನಿಲ್ದಾಣದಿಂದ ಅಂಗನವಾಡಿ ಗೋಡೆಯವರೆಗೆ ಬರೆಸಿದ್ದೇವೆ. ಉದ್ದೇಶ ಒಳ್ಳೆಯದು. ಆದರೆ ಹತ್ಯೆ ಎಂಬ ಮಾತು ಲಿಂಗಪತ್ತೆಗೆ ಸೀಮಿತವಾಗಿ ಉಳಿಯಲಿಲ್ಲ, ಎಲ್ಲ ಗರ್ಭಪಾತಕ್ಕೂ ಅಂಟಿಕೊಂಡಿತು. ಗರ್ಭಪಾತವೇ ಕಾನೂನುಬಾಹಿರ ಎಂದು ತಿಳಿದ ಹೆಂಗಸರನ್ನು ನಾನು ಕಂಡಿದ್ದೇನೆ. ಲಿಂಗಪತ್ತೆಯನ್ನು ಲಿಂಗಪತ್ತೆ ಎಂದೇ ಕರೆದು ಹಿಡಿಯಬೇಕು, ಅದಕ್ಕೆಂದೇ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಿದೆ. ತಪಾಸಣೆಯ ಹೆಸರಿನಲ್ಲಿ ಎಂಟು ವಾರದ ಬಸುರಿಯನ್ನು ಹೆದರಿಸಿ ವಾಪಸು ಕಳಿಸಿದರೆ ಅವಳು ಹೋಗುವುದು ಔಷಧಿ ಅಂಗಡಿಯ ಹಿಂಬಾಗಿಲಿಗೆ.

ಕೆಲವು ವರ್ಷದ ಹಿಂದೆ ನನ್ನ ಚಿಕ್ಕವ್ವನ ಮಗಳ ಜೊತೆ ತಾಲ್ಲೂಕು ಊರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಎರಡು ಮಕ್ಕಳಾದ ಮೇಲೆ ಬಸಿರು ನಿಲ್ಲದಂತೆ ವಂಕಿ ಹಾಕಿಸಿಕೊಂಡಿದ್ದಳು, ಆದರೂ ಬಸಿರು ನಿಂತಿತ್ತು. ಒಂಬತ್ತು ವಾರ. ಇಂಥ ಸಂದರ್ಭಕ್ಕೆಂದೇ ಕಾಯ್ದೆಯಲ್ಲಿ ವಿವರಣೆಯಿದೆ, 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು ಎಂದೂ ಇದೆ. ಕೌಂಟರಿನಲ್ಲಿದ್ದ ಸಿಸ್ಟರ್ ತಲೆ ಎತ್ತದೆ ಕೇಳಿದರು:

"ಯಜಮಾನ್ರು ಬಂದಿಲ್ಲೇನ್ರಿ?"

"ಗೋವಾಕ್ಕ ದುಡ್ಯಾಕ ಹೋಗ್ಯಾರ್ರಿ. ನಾನಽ ಸಹಿ ಹಾಕ್ತೀನಿ."

"ಅವ್ರ ಸಹಿ ಇಲ್ದ ಡಾಕ್ಟ್ರು ಮುಟ್ಟೂದಿಲ್ಲವಾ. ಕರಕೊಂಡು ಬಾ."

ಕಾಯ್ದೆ ಹಾಗೆ ಹೇಳುವುದಿಲ್ಲ ಎಂದು ನಾನು ಹೇಳಿದೆ. ನಮಗ ಮ್ಯಾಲಿನವ್ರು ಹೇಳಿದ್ದನ್ನ ಮಾಡ್ತೀವ್ರಿ ಎಂದರು, ಬೇಸರವಿಲ್ಲದೆ, ದಣಿದ ದನಿಯಲ್ಲಿ. ಆರು ದಿನ ಬಿಟ್ಟು ಅವಳ ಗಂಡ ರಜೆ ಹಾಕಿ ರಾತ್ರಿ ಬಸ್ಸಿಗೆ ಬಂದ, ಆರು ದಿನದ ಕೂಲಿ ಬಿಟ್ಟು. ಅಷ್ಟರಲ್ಲಿ ಹತ್ತನೇ ವಾರ ಬಂದಿತ್ತು. ಒಪ್ಪಿಗೆಯ ಫಾರಂ ಮುಂದಿಟ್ಟರು. ಅವಳು ತನ್ನ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಬರೆದಳು. ಅವನು ಪೆನ್ನು ಹಿಡಿದು ತನ್ನದು ಎಲ್ಲಿ ಎಂದು ಹುಡುಕಿದ. ಆ ಹಾಳೆಯಲ್ಲಿ ಗಂಡನ ಸಹಿಗೆ ಜಾಗವೇ ಇರಲಿಲ್ಲ. ಸಿಸ್ಟರ್ ಅವಳ ಹೆಸರಿನ ಕೆಳಗೆ ಖಾಲಿ ಅಂಚಿನಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದುಕೊಟ್ಟರು.